ಇಪ್ಪತ್ತು ನಿಮಿಷದ ಬೀಗ

ಹದಿನೈದನೆಯ ಸಲವೂ ಅದೇ ಬಂತು.

'ನಿಮ್ಮ ಬ್ರೌಸರ್ ಈ ಸೇವೆಗೆ ಹೊಂದಿಕೆಯಾಗುವುದಿಲ್ಲ. ದಯವಿಟ್ಟು ಬೇರೆ ಬ್ರೌಸರ್ ಬಳಸಿ.'

ಕೆಂಪು ಪಟ್ಟಿ, ಬಿಳಿ ಅಕ್ಷರ. ಕೆಳಗೆ 'ಸರಿ' ಎಂದು ಒತ್ತಲು ಒಂದು ಚೌಕ. ಸರಿ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲು ಅಲ್ಲಿ ಜಾಗವಿರಲಿಲ್ಲ.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಪೂವಮ್ಮ ಕನ್ನಡಕ ಏರಿಸಿಕೊಂಡು ತಮ್ಮ ನೋಟ್ ಪುಸ್ತಕ ತೆರೆದರು. ತಾರೀಕು, ಊರು, ಗಂಟೆ, ಬ್ರೌಸರಿನ ಹೆಸರು. ಎಪ್ಪತ್ತರ ಕೈ, ಆದರೂ ಅಕ್ಷರ ಗೆರೆ ಬಿಟ್ಟು ಇಳಿಯಲಿಲ್ಲ. 'ಸುಳ್ಯ, 12.50' ಎಂದು ಬರೆದು, ಅಡಿಗೆರೆ ಎಳೆದು, ನನ್ನ ಮುಖ ನೋಡಿದರು.

ಗುಡ್ಡ ಕೊರೆದು ನೀರು ತಂದ ಅವರ ಸುರಂಗದ ಮೇಲೆ ಯಾರೋ ಹಕ್ಕು ಕೇಳಿ ಇವತ್ತಿಗೆ ಮೂವತ್ತು ದಿನ. ಆಕ್ಷೇಪಣೆ ಹಾಕಲು ಸಂಜೆ ಐದೂವರೆಯೇ ಕೊನೆ. ಅದು ದಾಟಿದರೆ ನಾಳೆಯಿಂದ ಆ ನೀರು ಪೂವಮ್ಮನದ್ದಲ್ಲ, ಆ ನೀರು ಕುಡಿಯುವ ಮರ್ಕಂಜದ ಏಳು ಮನೆಗಳದ್ದೂ ಅಲ್ಲ. ಇದು ಮಾರ್ಚ್ ತಿಂಗಳು. ಆ ಗುಡ್ಡದ ಬಾವಿಗಳೆಲ್ಲ ಈಗಾಗಲೇ ತಳ ಕಂಡಿವೆ.

ಆಕ್ಷೇಪಣೆಯನ್ನು ಕಾಗದದಲ್ಲಿ ಕೊಡುವ ಹಾಗಿಲ್ಲ. ಜಲಮೂಲಗಳ ಹೊಸ ಜಾಲತಾಣದಲ್ಲೇ ಹಾಕಬೇಕು, ಅದೂ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯೊಳಗೆ. ಪೂವಮ್ಮ ಒಂಬತ್ತು ದಿನಗಳಿಂದ ಪುತ್ತೂರು, ಕಡಬ, ಸುಳ್ಯ ಎಂದು ಬಸ್ಸು ಹತ್ತಿ ಇಳಿದಿದ್ದರು. ಪುತ್ತೂರಿನವರು, ಮನುಷ್ಯರ ಹಾಗೆ ಬ್ರೌಸರಿಗೂ ವಯಸ್ಸಾಗುತ್ತದೆ ಅಂದಿದ್ದರಂತೆ. ಕಡಬದಲ್ಲಿ ಅರ್ಜಿ ತುಂಬಿಸಿಕೊಡುವ ಮೈಮೂನಮ್ಮ ಸೀರೆ ಅಂಗಡಿಯವರ ಧಾಟಿಯಲ್ಲಿ, ನಮ್ಮಲ್ಲಿ ನಾಲ್ಕು ಬಗೆ ಉಂಟು, ನಿಮಗೆ ಯಾವುದು ಬೇಕು ಎಂದು ಕೇಳಿ, ನಾಲ್ಕನ್ನೂ ತೆರೆದು ತೋರಿಸಿ, ನಾಲ್ಕರಲ್ಲೂ ಅದೇ ಕೆಂಪು ಪಟ್ಟಿ ಕಂಡು, ಕೊನೆಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿದ್ದರು.

ಸಹಾಯವಾಣಿಗೆ ನಾನು ಮೂರು ಸಲ ಫೋನು ಮಾಡಿದ್ದೆ. ಬೇರೆ ಬ್ರೌಸರ್ ಬಳಸಿ ನೋಡಿ ಮೇಡಂ, ಅಂದರು.

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವತ್ತು ಮಕ್ಕಳಿರಲಿಲ್ಲ. ನಾನು ಅಲ್ಲಿ ಹನ್ನೊಂದು ವರ್ಷದಿಂದ ಬೋಧಕಿ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಗೇಟಿನ ತನಕ ಹೋಗಿ, ಮತ್ತೆ ಬಂದು ಎಳೆದು ನೋಡುವ ಅಭ್ಯಾಸ ನನ್ನದು. ನಗುವವರು ನಗುತ್ತಾರೆ. ಆದರೆ ಹೀಗೆ ಹೆದರುವವರಿಗೆ ಒಂದು ಅನುಕೂಲ ಉಂಟು. ನಾವು ಯಾವುದನ್ನೂ ಒಂದೇ ಸಲಕ್ಕೆ ನಂಬುವುದಿಲ್ಲ.

ನಾನು ಅದೇ ಕಂಪ್ಯೂಟರಿನಲ್ಲಿ, ಅದೇ ಬ್ರೌಸರಿನಲ್ಲಿ, ಅಜ್ಜಾವರದ ಒಂದು ಬಾವಿಯ ಸಂಖ್ಯೆ ಹಾಕಿದೆ. ಪುಟ ತೆರೆದುಕೊಂಡಿತು. ಪಂಜದ ಒಂದು ಕೆರೆಯ ಸಂಖ್ಯೆ ಹಾಕಿದೆ. ತೆರೆದುಕೊಂಡಿತು. ಲ್ಯಾಬಿನ ಅತಿ ಹಳೆಯ, ಫ್ಯಾನಿನಂತೆ ಸದ್ದು ಮಾಡುವ ಪೆಟ್ಟಿಗೆಯಲ್ಲೂ ತೆರೆದುಕೊಂಡಿತು. ಪೂವಮ್ಮನ ಸುರಂಗದ ಸಂಖ್ಯೆ ಹಾಕಿದರೆ ಮಾತ್ರ ಬ್ರೌಸರ್ ಹೊಂದುವುದಿಲ್ಲ.

ಬ್ರೌಸರಿಗೆ ಒಬ್ಬ ಮುದುಕಿಯ ಮೇಲೆ ಮಾತ್ರ ಏಕೆ ಕೋಪ?

ರವಿಕೆಯ ಕಸೂತಿಗೆ ಹಿಂಬದಿ ಇರುವ ಹಾಗೆ ಪ್ರತಿ ಜಾಲಪುಟಕ್ಕೂ ಒಂದು ಹಿಂಬದಿ ಉಂಟು. ಎದುರಿನಿಂದ ಹೂವು, ಹಿಂದೆ ಗಂಟು. ಯಾರು ಬೇಕಾದರೂ ತಿರುಗಿಸಿ ನೋಡಬಹುದು, ನೋಡುವವರು ಕಡಿಮೆ. ನಾನು ತಿರುಗಿಸಿದೆ.

ಸಾಲು ಸಾಲಾಗಿ ಓದುತ್ತಾ ಹೋದೆ. ಮುನ್ನೂರನೆಯ ಸಾಲಿನ ಹತ್ತಿರ ನನ್ನ ಬೆರಳು ನಿಂತಿತು.

ಆ ಪುಟ ಬರೆದವರು ಯಾರೋ, ಎಲ್ಲಿ ಕೂತವರೋ, ಒಂದು ಸುಲಭದ ದಾರಿ ಹಿಡಿದಿದ್ದರು. ದಾಖಲೆ ಸಿಗದಿದ್ದರೆ, ತಾರೀಕು ತಪ್ಪಾದರೆ, ಆ ಕಡೆಯ ಯಂತ್ರ ಉತ್ತರ ಕೊಡದಿದ್ದರೆ, ಏನೇ ಎಡವಟ್ಟಾದರೂ ಜನರಿಗೆ ತೋರಿಸುವುದು ಒಂದೇ ಮಾತು. ಬ್ರೌಸರ್ ಸರಿ ಇಲ್ಲ. ಅಂದರೆ ತಪ್ಪು ನಿಮ್ಮದು. ಆದರೆ ಆ ಕಡೆಯ ಯಂತ್ರ ಪ್ರತಿ ಸಲವೂ ನಿಜವಾದ ಉತ್ತರ ಕಳಿಸುತ್ತಲೇ ಇತ್ತು. ಕೆಂಪು ಪಟ್ಟಿಯ ಬೆನ್ನಿಗೆ ಅದು ಯಾರೂ ಓದದೆ ಬಿದ್ದಿತ್ತು.

ಇಂಗ್ಲಿಷಿನ ಆ ಒಂದು ಸಾಲನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು. ದಾಖಲೆಯನ್ನು ತಿದ್ದುಪಡಿಗಾಗಿ ಬೇರೊಬ್ಬರು ತೆರೆದಿದ್ದಾರೆ. ಬೀಗ 1200 ಸೆಕೆಂಡು.

ಆ ಸಾಲನ್ನು ಇನ್ನೊಮ್ಮೆ ಓದಿದೆ.

ಹಿಂದಿನ ಭಾನುವಾರ ಪೂವಮ್ಮ ನನ್ನನ್ನು ಸುರಂಗದೊಳಗೆ ಕರೆದುಕೊಂಡು ಹೋಗಿದ್ದರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ದಾರಿ. ಸೊಂಟ ಬಗ್ಗಿಸಿ ನಡೆಯಬೇಕು. ಗೋಡೆಯಲ್ಲಿ ಅಲ್ಲಲ್ಲಿ ಬತ್ತಿಯ ದೀಪ ಇಡಲು ತೋಡಿದ ಗೂಡು, ಗೂಡಿನ ಮೇಲೆ ನಲವತ್ತು ವರ್ಷದ ಮಸಿ. ಆ ದಾರಿಯನ್ನು ತೋಡಿದವರು ಅವರ ಗಂಡ ಬೋಜಪ್ಪ ಮತ್ತು ಸುರಂಗದ ಕೆಲಸದ ತ್ಯಾಂಪಣ್ಣ, ಇಬ್ಬರೇ. ಕೊನೆಗೆ ಎದುರಿಗೆ ಒಣ ಮಣ್ಣಿನ ಗೋಡೆ ಬಂತು. ಇಷ್ಟೇ ಅಂದುಕೊಂಡೆ. ಪೂವಮ್ಮ ದೀಪ ಎಡಕ್ಕೆ ಹಿಡಿದರು. ಅಲ್ಲೊಂದು ತಿರುವು, ತಿರುವಿನ ಆಚೆ ನೀರು ನಡೆಯುವ ಸದ್ದು. ಪಂಪಿಲ್ಲ, ಕರೆಂಟಿಲ್ಲ. ಕಪ್ಪು ಪೈಪಿನಲ್ಲಿ ಇಳಿದು ಏಳು ಮನೆಯ ಹಂಡೆ ತುಂಬುವ ನೀರು, ಆ ಕತ್ತಲಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತಿತ್ತು. ನಾನು ಅಲ್ಲೇ ಕೂತು ಅದನ್ನು ಕೇಳಿದೆ.

ಈಗ ಲ್ಯಾಬಿನಲ್ಲೂ ಹಾಗೆಯೇ ಕೂತಿದ್ದೆ. ಗೋಡೆ ಅಂದುಕೊಂಡಿದ್ದರ ಹಿಂದೆ ನಿಜ ನಡೆಯುತ್ತಲೇ ಇತ್ತು, ದಿನವೂ, ಪ್ರತಿ ಸಲವೂ.

ಪೂವಮ್ಮನಿಗೆ ನಿಧಾನವಾಗಿ ಹೇಳಿದೆ. ನಿಮ್ಮ ದಾಖಲೆಯನ್ನು ಯಾರೋ ತೆರೆದು ಇಟ್ಟುಕೊಂಡು ಕೂತಿದ್ದಾರೆ. ಅವರು ಇಪ್ಪತ್ತು ನಿಮಿಷ ಅದನ್ನು ಮುಟ್ಟದಿದ್ದರೆ ಬೀಗ ತಾನಾಗಿ ಕಳಚಿಹೋಗುತ್ತದೆ. ಹಾಗಾಗಿ ಇಪ್ಪತ್ತು ನಿಮಿಷಕ್ಕೆ ಮೊದಲೇ ಒಂದು ಕೀಲಿ ಒತ್ತುತ್ತಾ ಇದ್ದಾರೆ. ದಿನಾ, ಹತ್ತರಿಂದ ಐದೂವರೆ.

ಅವರು ಪುಸ್ತಕವನ್ನು ಮಡಿಲಿಗೆ ಇಳಿಸಿದರು.

"ಹಾಗಾದ್ರೆ ನನ್ನ ತಪ್ಪಲ್ವಾ ಟೀಚರೇ?"

ಅಲ್ಲ ಅಂದೆ. ಒಂಬತ್ತು ದಿನ ಮೂರು ಪೇಟೆ ಸುತ್ತಿದ ಹೆಂಗಸು ಕೇಳಿದ್ದು ಅದೊಂದೇ ಮಾತು. ಸೆರಗಿನಿಂದ ಮುಖ ಒರೆಸಿಕೊಂಡರು.

ಯಾರು? ಪಂಚಾಯತಿನ ಹಲಗೆಗೆ ಅಂಟಿಸಿದ್ದ ನೋಟೀಸಿನಲ್ಲಿ ಹಕ್ಕು ಕೇಳಿದವರ ಹೆಸರಿರಲಿಲ್ಲ. ಆಕ್ಷೇಪಣೆ ಹಾಕಿದವರಿಗೆ ಮಾತ್ರ ಹೆಸರು ತೋರಿಸುವುದು ಜಾಲತಾಣದ ನಿಯಮ. ಆದರೆ ಸುರಂಗದ ಉದ್ದ ಇತ್ತು. ನಲವತ್ತೇಳು ಕೋಲು. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ.

ಆ ಸಂಖ್ಯೆ ಮೊದಲ ದಿನದಿಂದಲೂ ನನ್ನನ್ನು ಕಾಡಿತ್ತು. ಏಳು ಮನೆಯವರೂ ನಲವತ್ತು ಅನ್ನುತ್ತಾರೆ. ತ್ಯಾಂಪಣ್ಣನಿಗೆ ಫೋನು ಮಾಡಿದಾಗ ಅವನೂ ನಲವತ್ತು ಅಂದಿದ್ದ. ತಿರುವಿನ ಹತ್ತಿರ ದೀಪ ಸಣ್ಣದಾಯಿತು, ಗಾಳಿ ಸಾಲದು ಎಂದು ನಾನು ಹಿಂದೆ ಬಂದೆ, ಆಚೆ ಎಷ್ಟು ಹೋಯಿತೋ ನನಗೆ ಗೊತ್ತಿಲ್ಲ ಅಂದಿದ್ದ. ಆಚೆಯ ಏಳು ಕೋಲು ಬೋಜಪ್ಪ ಒಬ್ಬರೇ ತೋಡಿದ್ದು. ಅದನ್ನು ಅವರು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆ ಬೋಜಪ್ಪ ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಮನೆಯಿಂದ ಹೊರಟವರು ಮತ್ತೆ ಬಂದಿಲ್ಲ.

ಬೋಜಪ್ಪರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರದ ಸಂಖ್ಯೆ ಅದು ಎಂಬುದನ್ನು ಪೂವಮ್ಮನ ಎದುರು ಎತ್ತುವ ಧೈರ್ಯ ನನಗೆ ಆಗಲಿಲ್ಲ. ಬದಲಿಗೆ ಅವರ ಪುಸ್ತಕ ಕೇಳಿ ತೆಗೆದುಕೊಂಡೆ.

ಹದಿನೈದು ನಮೂದುಗಳಲ್ಲಿ ಒಂದು ಮಾತ್ರ ಬೇರೆ ಇತ್ತು. 'ಪುತ್ತೂರು, ಮಂಗಳವಾರ, 11.10. ಕೆಂಪು ಬರಲಿಲ್ಲ. ಎರಡನೇ ಪುಟ ಬಂತು. ಮೊಬೈಲಿಗೆ ನಂಬರ್ ಬರುತ್ತದೆ ಅಂದರು. ಮೊಬೈಲ್ ಮನೆಯಲ್ಲಿ.' ಮರುದಿನ ಮೊಬೈಲನ್ನು ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿಕೊಂಡು ಅದೇ ಅಂಗಡಿಯ ಅದೇ ಕಂಪ್ಯೂಟರಿಗೆ ಹೋಗಿದ್ದರು. ಕೆಂಪು.

ಮಂಗಳವಾರ ಬೀಗ ಇರಲಿಲ್ಲ. ದಿನವೂ ತಪ್ಪದೆ ಕೂರುವವರು ಅವತ್ತು ಏಕೆ ಕೂರಲಿಲ್ಲ?

ಲ್ಯಾಬಿನ ಮೂಲೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಉಂಟು. ಮಂಗಳವಾರದ್ದನ್ನು ಎಳೆದು, ನೆಲದಲ್ಲಿ ಹರಡಿ, ಮೊಣಕಾಲೂರಿ ಹುಡುಕಿದೆ. ಐದನೇ ಪುಟದ ಕೆಳಗೆ, ಶ್ರದ್ಧಾಂಜಲಿಗಳ ಪಕ್ಕ, ಬೆರಳಗಲದ ಸುದ್ದಿ. ಲೈನ್ ಕೆಲಸದ ನಿಮಿತ್ತ ಅವತ್ತು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ವಿದ್ಯುತ್ ಇರುವುದಿಲ್ಲ. ಪಂಜ ಮತ್ತು ಸುತ್ತಮುತ್ತ. ಕರೆಂಟಿಲ್ಲದಿದ್ದರೆ ಇಂಟರ್ನೆಟ್ಟೂ ಇಲ್ಲ.

"ಪೂವಕ್ಕ, ಪಂಜದ ಕಡೆಯವರು ಯಾರಾದ್ರೂ ಸುರಂಗ ನೋಡ್ಲಿಕ್ಕೆ ಬಂದದ್ದುಂಟಾ?"

ಅವರು ಪುಸ್ತಕದ ಮೇಲೆ ಕೈ ಇಟ್ಟುಕೊಂಡು ಯೋಚಿಸಿದರು. ಆಮೇಲೆ ಅವರ ಮುಖ ಬದಲಾಯಿತು. ಕೋಪ ಅಲ್ಲ, ನೋವು.

"ಮೇದಪ್ಪ ಬಂದಿದ್ದ. ಹೋದ ಏಪ್ರಿಲ್‌ನಲ್ಲಿ. ನಮ್ಮಲ್ಲಿ ಊಟ ಮಾಡಿ ಹೋದವ."

ಮೇದಪ್ಪ ನಿವೃತ್ತ ಸರ್ವೆಯರು. ಜಲಮೂಲಗಳ ಅಳತೆ ನೋಡಿ ಜಾಲತಾಣಕ್ಕೆ ಏರಿಸುವ ಕೆಲಸ ಅವರಿಗೆ ಕೊಟ್ಟಿದ್ದರು. ಅಂದರೆ ದಾಖಲೆ ತಿದ್ದಲು ಬೇಕಾದ ಗುಪ್ತಪದ ಅವರ ಕೈಯಲ್ಲಿತ್ತು. ಬೋಜಪ್ಪರಿಗಿಂತ ಎಂಟು ವರ್ಷ ಸಣ್ಣವರು, ಚಿಕ್ಕಂದಿನಲ್ಲಿ ಅವರ ಹಿಂದೆ ಮುಂದೆ ಓಡಾಡಿ ಬೆಳೆದವರು.

ಗಡಿಯಾರ ಎರಡೂಕಾಲು ತೋರಿಸುತ್ತಿತ್ತು.

ಬೀಗ ಹಾಕಿ ಒಂದೇ ಸಲ ಎಳೆದು ನೋಡಿದೆ. ಅಷ್ಟು ಅವಸರ ನನಗೆ ಜೀವನದಲ್ಲಿ ಆದದ್ದು ಕಡಿಮೆ. ಪೂವಮ್ಮ ನನ್ನ ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತರು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ನನ್ನ ಹೆಗಲ ಮೇಲೆ. ಮರ್ಕಂಜದ ತಿರುವಿನಲ್ಲಿ ಅವರ ಬೆರಳು ಸ್ವಲ್ಪ ಬಿಗಿಯಾಯಿತು. ನಿಲ್ಲಿಸಬೇಕೇ ಎಂದು ಕೇಳಿದೆ. ಬೇಡ, ಹೋಗುವ ಅಂದರು.

ಏರಿನಲ್ಲಿ ಸ್ಕೂಟರು ಏದುಸಿರು ಬಿಡುವಾಗ ನಾನು ಭಯ ಮುಚ್ಚಿಕೊಳ್ಳಲು ಮಾತಾಡಿದೆ. ಅವನನ್ನು ಇಪ್ಪತ್ತು ನಿಮಿಷ ಕಂಪ್ಯೂಟರಿನಿಂದ ದೂರ ಇಡಬೇಕು ಪೂವಕ್ಕ, ಹೇಗೆ ಅಂತ ನನಗೆ ಗೊತ್ತಿಲ್ಲ. ಬೀಗ ಕಳಚಿದ ಕೂಡಲೇ ನಾನು ಒಳಗೆ ಹೋದರೆ ಸಾಕು, ಆಮೇಲೆ ಬೀಗ ನಮ್ಮದು.

ಪಂಜ ಪೇಟೆ ಹತ್ತಿರವಾಗುವಾಗ ಅವರು ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು.

"ಅವನ ಮನೆಯಲ್ಲಿ ಎಲೆ ಅಡಿಕೆ ತಟ್ಟೆ ಇರ್ಬಹುದು ಅಲ್ವಾ?"

ಮೇದಪ್ಪನ ಮನೆ ಪೇಟೆಯಿಂದ ಒಂದು ಕಿಲೋಮೀಟರು ಈಚೆ, ರಸ್ತೆಗೆ ತಾಗಿಕೊಂಡೇ ಇತ್ತು. ಅಂಗಳದ ತಂತಿಯಲ್ಲಿ ರಬ್ಬರ್ ಶೀಟು ಒಣಗಲು ಹಾಕಿದ್ದರು. ಆ ಹುಳಿ ವಾಸನೆ ಗೇಟಿನಲ್ಲೇ ಮೂಗಿಗೆ ಬಡಿಯಿತು. ಮೂರು ಮೂವತ್ತೈದು.

ಅವರು ಜಗಲಿಗೆ ಬಂದರು. ಪೂವಮ್ಮನನ್ನು ನೋಡಿದವರ ಕಣ್ಣು ಮೊದಲು ಹೋದದ್ದು ಒಳಬಾಗಿಲಿನ ಕಡೆಗೆ. ಆಮೇಲೆ ಮುಖದಲ್ಲಿ ನಗು ಬಂತು.

"ಪೂವಕ್ಕ ಅಲ್ವಾ. ಎಂತ ಇಷ್ಟು ದೂರ, ಈ ಬಿಸಿಲಿಗೆ? ಬನ್ನಿ, ಕೂತ್ಕೊಳ್ಳಿ."

ಮನೆಯಲ್ಲಿ ಅವರೊಬ್ಬರೇ. ಹೆಂಡತಿ ಮಗಳ ಮನೆಗೆ ಹೋಗಿ ತಿಂಗಳಾಯಿತಂತೆ. ಬೆಲ್ಲ, ನೀರು ತಂದಿಟ್ಟರು. ಪೂವಮ್ಮ ನೀರು ಕುಡಿಯುತ್ತಾರೋ ಇಲ್ಲವೋ ಎಂದು ನಾನು ಉಸಿರು ಹಿಡಿದು ನೋಡಿದೆ. ಬೆಲ್ಲದ ಚೂರು ಬಾಯಿಗೆ ಹಾಕಿ ಇಡೀ ಲೋಟ ಖಾಲಿ ಮಾಡಿದರು. ನೀರಿನ ವಿಷಯಕ್ಕೆ ಬಂದವರು ನೀರು ಬೇಡ ಅನ್ನಬಾರದು ಎಂದು ಆಮೇಲೆ ನನಗೆ ಹೇಳಿದರು.

ಮಗಳ ಸುದ್ದಿ, ಮೊಣಕಾಲಿನ ಸುದ್ದಿ, ಮರ್ಕಂಜದ ಯಾರದ್ದೋ ಮದುವೆಯ ಸುದ್ದಿ ಆಯಿತು. ನನ್ನನ್ನು ನಮ್ಮ ಟೀಚರು ಎಂದು ಪರಿಚಯಿಸಿದರು. ನಾನು ಮೊಬೈಲನ್ನು ಮಡಿಲಲ್ಲಿ, ದುಪ್ಪಟ್ಟಾದ ಅಡಿ ಇಟ್ಟುಕೊಂಡು ಕೂತಿದ್ದೆ.

ಮೂರು ಐವತ್ಮೂರಕ್ಕೆ ಒಳಗಿನಿಂದ ಹಕ್ಕಿ ಕೂಗಿದಂತೆ ಸದ್ದು ಬಂತು. ಮೊಬೈಲಿನ ಅಲಾರಾಂ.

ಮೇದಪ್ಪ ಎದ್ದರು. ಒಲೆಯ ಮೇಲೆ ಗಂಜಿ ಉಂಟು, ಈಗ ಬಂದೆ ಅಂದರು.

ನಾನು ಮೂಗು ಅರಳಿಸಿದೆ. ರಬ್ಬರಿನದ್ದು ಬಿಟ್ಟು ಬೇರೆ ವಾಸನೆ ಇರಲಿಲ್ಲ. ಕಿಟಕಿಯ ಕಂಬಿಗಳ ನಡುವೆ ಒಂದು ಮೇಜು ಕಾಣುತ್ತಿತ್ತು, ಮೇಜಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪು. ಅವರು ಅಲ್ಲಿ ನಿಂತು ಒಂದು ಬೆರಳಿನಿಂದ ಒಂದು ಕೀಲಿ ಒತ್ತಿದರು. ಅಷ್ಟೇ. ಬಂದು ಕೂತರು.

ನಾನು ಗಂಟೆ ಗುರುತು ಹಾಕಿಕೊಂಡೆ. ಮೂರು ಐವತ್ತನಾಲ್ಕು. ಬೀಗ ಕಳಚಬೇಕಾದರೆ ನಾಲ್ಕು ಹದಿನಾಲ್ಕು ಆಗಬೇಕು. ಅಲಾರಾಂ ಅದಕ್ಕೆ ಮೊದಲೇ ಕೂಗುತ್ತದೆ.

ಪೂವಮ್ಮ ಬೆಲ್ಲದ ತಟ್ಟೆಯನ್ನು ಬದಿಗೆ ಸರಿಸಿದರು.

"ಮೇದಪ್ಪ, ನೀನು ಸುರಂಗದ ಒಳಗೆ ಎಲ್ಲಿವರೆಗೆ ಹೋದದ್ದು?"

"ತಿರುವಿನವರೆಗೆ. ನಲವತ್ತು ಕೋಲು. ಆಚೆ ಹೋಗ್ಲಿಕ್ಕೆ ನನಗೆ ಉಸಿರು ಕಟ್ಟಿತು, ನಿಮಗೇ ಗೊತ್ತುಂಟಲ್ಲ."

"ಮತ್ತೆ ಕಾಗದದಲ್ಲಿ ನಲವತ್ತೇಳು ಹೇಗೆ ಬಂತು?"

ಮೇದಪ್ಪ ಅಂಗಳದ ರಬ್ಬರ್ ಶೀಟುಗಳನ್ನು ನೋಡಿದರು. ಒಂದು, ಎರಡು, ಮೂರು ಎಂದು ಎಣಿಸುವವರ ಹಾಗೆ. ಆಮೇಲೆ, ಕಂಪ್ಯೂಟರಿನವರು ಏನೋ ತಪ್ಪು ಹೊಡೆದಿರಬೇಕು ಅಂದರು. ಈಗಿನ ಆ ಜಾಲತಾಣಗಳೇ ಹಾಗೆ, ಬ್ರೌಸರ್ ಸರಿ ಇಲ್ಲದಿದ್ದರೆ ಏನೇನೋ ಆಗುತ್ತದೆ ಅಂದರು.

ಪೂವಮ್ಮ ಬ್ರೌಸರಿನ ಸುದ್ದಿಯನ್ನೇ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ನಾನು ಅವರ ಮುಖ ನೋಡಿದೆ. ಪೂವಮ್ಮ ಮಾತ್ರ ಏನೂ ಕೇಳಿಸದವರ ಹಾಗೆ, ಎಲೆ ತಟ್ಟೆ ಉಂಟಾ ಮೇದಪ್ಪ, ಬಾಯಿ ಒಣಗಿತು ಅಂದರು.

ಅವರು ತಟ್ಟೆ ತಂದು ಇಟ್ಟರು. ನಾಲ್ಕು ಗಂಟೆ ಆರು ನಿಮಿಷ.

ಅವರ ಕುಟುಂಬಗಳಲ್ಲಿ ಒಂದು ನಡೆ ಉಂಟು. ಹಿರಿಯರು ಎಲೆ ಮಡಚಿ ಕೊಡಲು ಶುರು ಮಾಡಿದರೆ, ಅದು ಕೈಗೆ ಬರುವವರೆಗೆ ಎದುರು ಕೂತವರು ಏಳುವಂತಿಲ್ಲ. ಪುತ್ತೂರಿನ ನಮ್ಮ ಮನೆಯಲ್ಲಿ ಅಜ್ಜನ ಕಾಲಕ್ಕೇ ಅದು ಹೋಯಿತು. ಇವರಲ್ಲಿ ಉಳಿದಿದೆ ಎಂದು ನನಗೆ ತಿಳಿದಿರಲಿಲ್ಲ.

ಪೂವಮ್ಮ ಒಂದು ಎಲೆ ಆರಿಸಿದರು. ಬೆಳಕಿಗೆ ಹಿಡಿದು ನೋಡಿದರು. ಇಟ್ಟರು. ಇನ್ನೊಂದು ಆರಿಸಿದರು. ಸೆರಗಿನಲ್ಲಿ ಎರಡೂ ಬದಿ ಒರೆಸಿದರು. ತೊಟ್ಟು ಮುರಿದರು, ತುದಿ ಮುರಿದರು. ಉಗುರಿನಿಂದ ಬೆನ್ನಿನ ನರವನ್ನು ಕೂದಲೆಳೆಯಷ್ಟು ಸಪೂರಕ್ಕೆ ಎಳೆಯುತ್ತಾ, ಬೋಜಪ್ಪ ಮೇದಪ್ಪನಿಗೆ ಈಜು ಕಲಿಸಿದ ಕಥೆ ಹೇಳಿದರು. ಮೇದಪ್ಪ ಕೆರೆಯಲ್ಲಿ ಮುಳುಗಿ ಬೊಬ್ಬೆ ಹಾಕಿದ್ದು, ಬೋಜಪ್ಪ ಕಿವಿ ಹಿಡಿದು ಎತ್ತಿದ್ದು. ಮೇದಪ್ಪನಿಗೂ ನಗು ಬಂತು. ನಿಜವಾದ ನಗು. ಅದನ್ನು ನೋಡಿ ನನಗೆ ಭಯ ಹೆಚ್ಚಾಯಿತು.

ನಾಲ್ಕು ಹನ್ನೊಂದಕ್ಕೆ ಹಕ್ಕಿ ಕೂಗಿತು.

ಮೇದಪ್ಪ ಅರ್ಧ ಎದ್ದರು. ಪೂವಮ್ಮ ತಲೆ ಎತ್ತಲಿಲ್ಲ. ಎಲೆ ಹಿಡಿದ ಎಡಗೈಯನ್ನು ಸ್ವಲ್ಪ ಮುಂದೆ ಚಾಚಿದರು.

"ಕೂತ್ಕೊ ಮೇದಪ್ಪ. ಸುಣ್ಣ ಹಚ್ಚಿ ಆಗ್ಲಿಲ್ಲ."

"ಗಂಜಿ..."

"ಗಂಜಿ ಅಡಿ ಹಿಡಿದ್ರೆ ನಾನು ಬೇಯಿಸಿ ಕೊಡ್ತೇನೆ."

ಅವರು ಕೂತರು. ಅರುವತ್ತು ದಾಟಿದ ಮನುಷ್ಯ, ಗುಡ್ಡಗಳನ್ನೆಲ್ಲ ಅಳೆದವರು, ಒಂದು ಎಲೆಯ ಎದುರು ಮಗುವಿನ ಹಾಗೆ ಕೂತರು. ಒಳಗೆ ಹಕ್ಕಿ ಒಂದು ನಿಮಿಷ ಕೂಗಿ, ತಾನಾಗಿ ಸುಮ್ಮನಾಯಿತು. ಅವರ ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು.

ಪೂವಮ್ಮ ಸುಣ್ಣ ಹಚ್ಚಿದರು. ಸಾಕಾಗಲಿಲ್ಲ ಎಂದು ಇನ್ನಷ್ಟು ಹಚ್ಚಿದರು. ಅಡಿಕೆ ಚೂರು ಆರಿಸಿದರು.

ನಾನು ದುಪ್ಪಟ್ಟಾದ ಅಡಿಯಲ್ಲಿ ಪುಟವನ್ನು ಮತ್ತೆ ಕರೆದೆ. ಕೆಂಪು. ನಾಲ್ಕು ಹದಿಮೂರು. ಕೆಂಪು. ಬೆರಳು ಬೆವರಿ ಗಾಜಿನ ಮೇಲೆ ಜಾರಿತು. ಒರೆಸಿಕೊಂಡೆ.

ನಾಲ್ಕು ಹದಿನಾಲ್ಕು. ಪುಟ ಬೆಳ್ಳಗೆ ನಿಂತಿತು. ಸಿಗ್ನಲ್ ಹೋಯಿತೋ ಎಂದುಕೊಂಡೆ. ಆಮೇಲೆ, ಅವಸರವೇ ಇಲ್ಲದೆ, ಒಂದೊಂದೇ ಗೆರೆ ಮೂಡಿತು. ಆಕ್ಷೇಪಣೆದಾರರ ಹೆಸರು. ಊರು. ಕಾರಣ.

ಆ ಖಾಲಿ ಚೌಕಗಳನ್ನು ನೋಡಿದಾಗ ನನಗೆ ಆದದ್ದನ್ನು ಹೇಗೆ ಹೇಳಲಿ. ತಿರುವಿನ ಆಚೆಯ ನೀರಿನ ಸದ್ದು ಮೊದಲ ಸಲ ಕೇಳಿದ ಹಾಗೆ. ಎಲ್ಲೋ ದೂರದ ಊರಿನ ಯಂತ್ರವೊಂದು ಸೆಕೆಂಡು ಸೆಕೆಂಡು ಎಣಿಸುತ್ತಿತ್ತು. ಅದರ ಎದುರಿಗೆ ಇಲ್ಲಿ ಒಬ್ಬ ಮುದುಕಿ ವೀಳ್ಯದೆಲೆಯ ನರ ಎಳೆಯುತ್ತಿದ್ದಳು. ಸೋತದ್ದು ಯಂತ್ರ.

ಪೂವಮ್ಮ ನನ್ನ ಕಡೆ ನೋಡಿದರು. ನಾನು ರೆಪ್ಪೆ ಇಳಿಸಿದೆ. ಅವರು ಎಲೆಯನ್ನು ಮೂರು ಮಡಿಕೆ ಮಾಡಿ ಎರಡೂ ಕೈಯಲ್ಲಿ ಕೊಟ್ಟರು. ಮೇದಪ್ಪ ಅದನ್ನು ಕಣ್ಣಿಗೆ ಒತ್ತಿಕೊಂಡು, ಬಾಯಿಗೆ ಹಾಕದೆ, ಓಡುವ ಹಾಗೆ ಒಳಗೆ ಹೋದರು.

ನಾನು ಬರೆಯುತ್ತಾ ಹೋದೆ. ಒಳಗಿನಿಂದ ಕೀಲಿಯ ಸದ್ದು. ಮತ್ತೆ ಸದ್ದು. ಆಮೇಲೆ ಮೌನ.

ಅವರು ಬಾಗಿಲಿಗೆ ಬಂದು ನಿಂತಾಗ ಲ್ಯಾಪ್‌ಟಾಪು ಎರಡು ಕೈಗಳಲ್ಲಿ ತಟ್ಟೆಯ ಹಾಗೆ ಇತ್ತು. ಪರದೆ ನಮ್ಮ ಕಡೆಗೇ ತಿರುಗಿತ್ತು. ಕೆಂಪು ಪಟ್ಟಿ, ಬಿಳಿ ಅಕ್ಷರ.

"ಬೇರೆ ಬ್ರೌಸರ್ ನೋಡಿದ್ರಾ ಮೇದಪ್ಪಣ್ಣ?" ಅಂದುಬಿಟ್ಟೆ. ಅಂದ ಕೂಡಲೇ ನಾಲಗೆ ಕಚ್ಚಿಕೊಂಡೆ. ಆಡಿದ ಮಾತಿಗೆ ಮೂರು ದಿನ ನಿದ್ದೆ ಕೆಡಿಸಿಕೊಳ್ಳುವವಳು ನಾನು. ಇದಕ್ಕೆ ಮಾತ್ರ ಇವತ್ತಿಗೂ ನಿದ್ದೆ ಕೆಟ್ಟಿಲ್ಲ.

ಪೂವಮ್ಮ ಚೀಲದಿಂದ ಪುಸ್ತಕ ತೆಗೆದು ಬರೆದರು. 'ಪಂಜ, 4.19.' ಅಡಿಗೆರೆ ಎಳೆದರು.

ಅಷ್ಟರಲ್ಲಿ ಅವರ ಕುತ್ತಿಗೆಯ ಮೊಬೈಲು ಕಿರುಗುಟ್ಟಿತು. ದೃಢೀಕರಣದ ಸಂಖ್ಯೆ. ದಾರ ಎಳೆದು, ಮೊಬೈಲನ್ನು ಕಣ್ಣಿಂದ ದೂರ ಹಿಡಿದು, ಆರು ಅಂಕಿಗಳನ್ನು ಜಗಲಿ ತುಂಬುವ ಹಾಗೆ ಓದಿದರು. ನಾನು ಒತ್ತಿದೆ. 'ನಿಮ್ಮ ಆಕ್ಷೇಪಣೆ ಸ್ವೀಕೃತವಾಗಿದೆ.' ನಾಲ್ಕು ಇಪ್ಪತ್ತನಾಲ್ಕು.

ಇತ್ಯರ್ಥ ಆಗುವವರೆಗೆ ಏಳು ಮನೆಯ ಪೈಪನ್ನು ಇನ್ನು ಯಾರೂ ಮುಟ್ಟುವಂತಿಲ್ಲ. ಹಾಗೆಂದು ಹೇಳಿದೆ. ಪೂವಮ್ಮ ತಲೆಯಾಡಿಸಿದರು, ಕೈ ಮುಗಿದರು, ಯಾರಿಗೆ ಎಂದು ಗೊತ್ತಿಲ್ಲ.

ಮೇದಪ್ಪ ಹೊಸ್ತಿಲಲ್ಲೇ ಕುಸಿದು ಕೂತಿದ್ದರು.

"ನನಗೆ ಬೈಬೇಡಿ ಪೂವಕ್ಕ. ನಾನು ಬಾಗಿಲು ಕಾದದ್ದು ಮಾತ್ರ. ಬೋಜಪ್ಪಣ್ಣ ಬದುಕಿದ್ದಾರೆ. ಅವರೇ ಹೇಳಿದ್ದು. ನಿಮಗೆ ಗೊತ್ತಾಗ್ಬಾರ್ದು ಅಂದ್ರು."

ಪೂವಮ್ಮನ ಕೈಯಿಂದ ಪುಸ್ತಕ ಬಿತ್ತು. ಒಂಬತ್ತು ವರ್ಷ ಹಣೆಯ ಕುಂಕುಮ ಇಡಲೋ ಬಿಡಲೋ ಎಂದು ದಿನಾ ಬೆಳಿಗ್ಗೆ ಕನ್ನಡಿಯ ಎದುರು ನಿಂತ ಹೆಂಗಸು. ಅವರು ಏನನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಹೆದರಿಕೆ ಅವರ ಮುಖದಲ್ಲಿತ್ತು. ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು.

ನನ್ನ ಮೊಬೈಲಿನಲ್ಲಿ ಈಗ ಹೊಸ ಚೌಕವೊಂದು ತೆರೆದಿತ್ತು. ಹಕ್ಕು ಕೇಳಿದವರ ವಿವರ. ಒತ್ತಿದೆ.

ಹೆಸರು: ಬೋಜಪ್ಪ. ಊರು: ಮರ್ಕಂಜ. ಕೆಳಗೆ ಫೋಟೋ. ಸುರಂಗದ ಬಾಯಿಯ ಎದುರು ನಿಂತ ಮುದುಕ. ನರೆತ ಗಡ್ಡ, ನೀಲಿ ಚೌಕುಳಿ ಅಂಗಿ. ಬೋಜಪ್ಪರನ್ನು ನಾನು ನೋಡಿದವಳಲ್ಲ. ಮೊಬೈಲನ್ನು ಪೂವಮ್ಮನ ಕೈಗೆ ಕೊಟ್ಟೆ.

ಅವರು ಕನ್ನಡಕ ಏರಿಸಿಕೊಂಡರು. ಬಹಳ ಹೊತ್ತು ನೋಡಿದರು. ಅವರ ಹೆಬ್ಬೆರಳು ಮುಖದ ಮೇಲೆ ನಿಲ್ಲಲಿಲ್ಲ, ಕೆಳಗೆ ಇಳಿಯಿತು, ಅಂಗಿಯ ಮೂರನೆಯ ಗುಂಡಿಯ ಹತ್ತಿರ ನಿಂತಿತು. ಉಳಿದವು ಬಿಳಿ. ಅದೊಂದು ಕಂದು.

"ಇದು ಅವರಲ್ಲ ಟೀಚರೇ," ಅಂದರು. "ಅಂಗಿ ಅವರದ್ದು. ಬಿಳಿ ಗುಂಡಿ ಸಿಗದೆ ಕಂದು ಗುಂಡಿ ಹೊಲಿದದ್ದು ನಾನೇ. ಅವರು ಹೋದ ದಿನ ಬೆಳಿಗ್ಗೆ, ಮೈ ಮೇಲೆ ಇರುವಾಗಲೇ ಹೊಲಿದದ್ದು."

ನಾನು ಮೊಬೈಲಿಗೆ ಬಗ್ಗಿದೆ. ಫೋಟೋದ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಎರಡು ಸಾಲಿದ್ದವು. ದಿನಾಂಕ, ಫೆಬ್ರವರಿ ಹನ್ನೆರಡು. ಎದುರು ನಿಂತು ಗುರುತು ಹಿಡಿದು ಫೋಟೋ ತೆಗೆದವರು, ಮೇದಪ್ಪ.

ಕಿವಿ ಹಿಡಿದು ಕೆರೆಯಿಂದ ಎತ್ತಿದ ಮನುಷ್ಯನ ಮುಖ ಅವರಿಗೆ ಮರೆತಿರಲು ಸಾಧ್ಯವಿಲ್ಲ. ನಲವತ್ತೇಳು ಕೋಲನ್ನು ಅವರಿಗೆ ಹೇಳಬಲ್ಲವರೂ ಬೋಜಪ್ಪ ಒಬ್ಬರೇ.

ಪೂವಮ್ಮ ತಲೆ ಎತ್ತಿದರು.

"ಮೇದಪ್ಪ, ಈ ಅಂಗಿ ನಿನಗೆ ಎಲ್ಲಿ ಸಿಕ್ಕಿತು?"

ಒಳಗೆ ಹಕ್ಕಿ ಕೂಗತೊಡಗಿತು. ನಾಲ್ಕು ಇಪ್ಪತ್ತೊಂಬತ್ತು. ಈ ಸಲ ಅವರನ್ನು ಹಿಡಿದು ಕೂರಿಸಲು ಯಾವ ಎಲೆಯೂ ಇರಲಿಲ್ಲ. ಆದರೂ ಮೇದಪ್ಪ ಏಳಲಿಲ್ಲ.